ಕೊಡಗಿನ ಚಳಿರಾತ್ರಿಯಲ್ಲಿ ಬೆಳಗಿನವರೆಗೆ ಉಳಿಯುವ ಬೆಂಕಿ

ಡಿಸೆಂಬರ್ ಕೊನೆಯ ವಾರದಲ್ಲಿ ಕೊಡಗಿನಲ್ಲಿ ಸಂಜೆ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮರುದಿನ ಬೆಳಿಗ್ಗೆ ಆರೂಮುಕ್ಕಾಲರ ಸುಮಾರಿಗೆ ಹುಟ್ಟುತ್ತಾನೆ. ನಡುವೆ ಹನ್ನೆರಡೂವರೆ ಗಂಟೆಗಳ ರಾತ್ರಿಯಿದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯ ಸುತ್ತಮುತ್ತ ಆ ದಿನಗಳಲ್ಲಿ ರಾತ್ರಿಯ ಉಷ್ಣಾಂಶ ಹಲವು ಸಲ 10–12 ಡಿಗ್ರಿಗೆ ಇಳಿಯುತ್ತದೆ, ಕೆಲವು ರಾತ್ರಿ ಅದಕ್ಕೂ ಕೆಳಗೆ ಹೋಗುತ್ತದೆ. ಮನೆಯೊಳಗೆ ಕಂಬಳಿ ಹೊದ್ದವರಿಗೆ ಇದು ದೊಡ್ಡ ಚಳಿಯಲ್ಲ. ಇಬ್ಬನಿ ಬೀಳುವ ಬಯಲಿನಲ್ಲಿ ನೆಲದ ಮೇಲೆ ಮಲಗಿದವರನ್ನು ಮಾತ್ರ ಅದೇ ಚಳಿ ಬೆಳಗಿನ ಜಾವ ನಾಲ್ಕು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ.

ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿಯನ್ನು ಕಾಯಲು ಯಾರಾದರೂ ರಾತ್ರಿ ಅಲ್ಲೇ ಮಲಗುವುದು ನಮ್ಮ ಕಡೆಯ ವಾಡಿಕೆ. ನಾನು ಹುಡುಗನಾಗಿದ್ದಾಗ ನಮ್ಮ ಕಣ ಕಾಯುತ್ತಿದ್ದ ಹಿರಿಯರೊಬ್ಬರ ಬೆಂಕಿಯಲ್ಲಿ ಉರಿ ಮೊಣಕಾಲೆತ್ತರ ದಾಟಿದ್ದನ್ನು ನೋಡಿದ ನೆನಪಿಲ್ಲ. ಎರಡು ಕಾಫಿ ಬೊಡ್ಡೆ, ಒಂದು ಮತ್ತಿ ಮರದ ಕುಂಟೆ, ಎಂದರೆ ದಪ್ಪ ದಿಮ್ಮಿ, ಅಷ್ಟೆ. ಮೂರೂ ಮೂತಿಗೆ ಮೂತಿ ತಾಗಿಸಿಕೊಂಡು ಕೆಂಪಗೆ ಕೂತಿರುತ್ತಿದ್ದವು. ನಡುರಾತ್ರಿ ಎಚ್ಚರವಾದಾಗ ಅವರು ಮಲಗಿದಲ್ಲಿಂದಲೇ ಕಾಲು ಚಾಚಿ ಕುಂಟೆಯನ್ನು ಒಂದು ಗೇಣು ಒಳಕ್ಕೆ ತಳ್ಳಿ, ಮತ್ತೆ ಕಂಬಳಿ ಎಳೆದುಕೊಳ್ಳುತ್ತಿದ್ದರು. ರಾತ್ರಿಯ ಬೆಂಕಿಯ ಬಗ್ಗೆ ನಾನು ಕಲಿತದ್ದರ ಬಹುಪಾಲು ಆ ಕಣದಲ್ಲಿ ಕಲಿತದ್ದು. ಈಗ ತೋಟಗಳಲ್ಲಿ ಡೇರೆ ಹಾಕಿ ತಂಗಲು ಬರುವವರು ಆಳೆತ್ತರದ ಉರಿ ಎಬ್ಬಿಸಿ, ಹತ್ತು ಗಂಟೆಯೊಳಗೆ ಸೌದೆಯೆಲ್ಲ ಮುಗಿಸಿ, ಬೆಳಗಿನವರೆಗೆ ನಡುಗುವುದನ್ನು ನೋಡಿದಾಗ ಬೇಸರವಾಗುತ್ತದೆ. ದೊಡ್ಡ ಉರಿಯ ಶಾಖ ಹೆಚ್ಚಾಗಿ ಆಕಾಶಕ್ಕೇ ಹೋಗುತ್ತದೆ. ಮಲಗಿದ ಮೈಗೆ ಮುಟ್ಟುವುದು ನೆಲದ ಮಟ್ಟದಲ್ಲಿ ಉದ್ದಕ್ಕೂ ಹರಡಿಕೊಂಡ ಕೆಂಡದ ಕಾವು. ಆದ್ದರಿಂದ ಮುಂದೆ ಹೇಳುವ ಪ್ರತಿ ಹಂತವೂ ಒಳ್ಳೆಯ ಕೆಂಡ ಮಾಡಿಕೊಳ್ಳುವುದಕ್ಕೆ ಮತ್ತು ಅದನ್ನು ಬೆಳಗಿನವರೆಗೆ ಉಳಿಸಿಕೊಳ್ಳುವುದಕ್ಕೆ ಸಂಬಂಧಿಸಿದೆ.

ಮೊದಲು ಅನುಮತಿ, ಆಮೇಲೆ ಜಾಗ

ಬೆಂಕಿಪೊಟ್ಟಣ ತೆಗೆಯುವ ಮೊದಲು ನಿಂತ ನೆಲ ಯಾರದೆಂದು ಖಚಿತವಾಗಿ ತಿಳಿದಿರಬೇಕು. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳಲ್ಲಿ, ನಾಗರಹೊಳೆಯಲ್ಲಿ, 1,748 ಮೀಟರ್ ಎತ್ತರದ ತಡಿಯಂಡಮೋಳಿನಂಥ ಬೆಟ್ಟಗಳಲ್ಲಿ ಬೆಂಕಿಯ ಮಾತೇ ಬೇಡ. ಬೆಟ್ಟದ ನೆತ್ತಿಯ ಹುಲ್ಲು ಜನವರಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ. ಒಂದು ಕಿಡಿ ಹಾರಿದರೆ ಅದು ಇಳಿಜಾರಿನ ಶೋಲಾ ಕಾಡಿನ (ಬೆಟ್ಟದ ಮಡಿಲಿನ ನಿತ್ಯಹಸಿರು ಕಾಡು) ಅಂಚಿನವರೆಗೂ ಓಡುತ್ತದೆ. ಊರಿನ ದೇವರಕಾಡುಗಳಲ್ಲಿಯೂ ಬೆಂಕಿ ಹಾಕಕೂಡದು. ಉಳಿಯುವುದು ಖಾಸಗಿ ತೋಟ, ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಮೀನು) ಮತ್ತು ಗದ್ದೆ. ಅಲ್ಲಿಯೂ ಮಾಲೀಕರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಹಗಲಿನಲ್ಲಿಯೇ, ಬೆಂಕಿ ಹಾಕುವ ಜಾಗವನ್ನು ಅವರಿಗೆ ತೋರಿಸಿ ಪಡೆಯುವುದು ಮರ್ಯಾದೆ.

ಅದೇ ಮಾತಿನಲ್ಲಿ ಆನೆಯ ವಿಚಾರವನ್ನೂ ಕೇಳಿಕೊಳ್ಳಿ. ಬೆಂಕಿ ಇದ್ದರೆ ಆನೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಜೀವ ಇಡಬಾರದು. ಮನುಷ್ಯರ ಓಡಾಟಕ್ಕೂ ಬೆಳಕಿಗೂ ಹೊಂದಿಕೊಂಡ ಆನೆಗಳು ತೋಟಗಳಲ್ಲಿಯೇ ದಿನ ಕಳೆಯುವ ಸ್ಥಿತಿ ಕೊಡಗಿನ ಹಲವೆಡೆ ಇದೆ. ಯಾವ ಕಡೆಯಿಂದ ಬಂದು ಯಾವ ಕೆರೆಗೆ ಇಳಿಯುತ್ತವೆ, ಈ ವಾರ ಎಲ್ಲಿ ಲದ್ದಿ ಕಂಡಿದೆ ಎಂಬುದು ತೋಟದ ಲೆಕ್ಕ, ಮೇಲ್ವಿಚಾರಣೆ ನೋಡುವ ರೈಟರಿಗೂ ಕೆಲಸಗಾರರ ಲೈನ್‌ಮನೆಯವರಿಗೂ ಗೊತ್ತಿರುತ್ತದೆ. ಅವರು ಬೇಡ ಎಂದರೆ ಅಂದು ಮನೆಯೊಳಗೆ ಮಲಗಬೇಕು.

ಜಾಗದ ಆಯ್ಕೆಯಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಕೊಯ್ಲು ಮುಗಿದ ಗದ್ದೆ ಸಮತಟ್ಟಾಗಿ, ಕಣ್ಣಿಗೆ ಚೆನ್ನಾಗಿ ಕಾಣುವುದರಿಂದ ಅಲ್ಲಿಯೇ ಡೇರೆ ಹಾಕುತ್ತಾರೆ. ತಣ್ಣಗಾದ ಗಾಳಿ ಭಾರವಾಗಿರುತ್ತದೆ, ರಾತ್ರಿ ಅದು ಇಳಿಜಾರಿನ ಮೇಲೆ ನೀರಿನಂತೆ ಹರಿದು ಬಂದು ತಗ್ಗಿನ ಗದ್ದೆಯಲ್ಲಿ ನಿಲ್ಲುತ್ತದೆ. ಬೆಳಗಿನ ಮಂಜು ಮೊದಲು ಗದ್ದೆಯಲ್ಲಿ ತುಂಬಿ, ಮೇಲಿನ ತೋಟ ಬರಿದಾಗಿರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಗದ್ದೆಯಿಂದ ನಾಲ್ಕಾರು ಆಳು ಎತ್ತರದಲ್ಲಿ, ಇಳಿಜಾರಿನ ನಡುವೆ ಸಿಗುವ ಸಮತಟ್ಟು ಜಾಗ ಹೆಚ್ಚು ಬೆಚ್ಚಗಿರುತ್ತದೆ. ಗದ್ದೆಯ ಒಣಕೂಳೆಗೂ ಹುಲ್ಲಿನ ಮೆದೆಗೂ ಕಿಡಿ ತಾಗುವ ಭಯವೂ ಅಲ್ಲಿರುವುದಿಲ್ಲ.

ಹಾಗೆಂದು ಕಾಫಿ ಗಿಡಗಳ ನಡುವೆಯೂ ಬೆಂಕಿ ಹಾಕಬಾರದು. ಗಿಡದ ಎಲೆ ಬೇಗ ಬಾಡುತ್ತದೆ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೆ ಕಾವು ತಾಗಿದರೆ ವರ್ಷಗಳ ದುಡಿಮೆ ಹೋಗುತ್ತದೆ. ಕಣದ ಸಿಮೆಂಟಿನ ಮೇಲೆಯೂ ಬೇಡ, ಕಾವಿಗೆ ಸಿಮೆಂಟು ಸಿಡಿದು ಚಕ್ಕೆಯೇಳುತ್ತದೆ. ಒಣಗುತ್ತಿರುವ ಕಾಫಿ ಹೊಗೆಯ ವಾಸನೆಯನ್ನು ಹೀರಿಕೊಳ್ಳುವುದರಿಂದ, ಹೊಗೆ ಕಣದ ಕಡೆಗೆ ಹೋಗದ ಜಾಗವನ್ನೇ ಹುಡುಕಬೇಕು. ತೋಟದ ರಸ್ತೆ ಕಡಿದಾಗ ಉಳಿದ ಮಣ್ಣಿನ ಬರೆಯ ಮುಂದೆ ಬಯಲು ಜಾಗವಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬರೆ ಗಟ್ಟಿಯಾಗಿರಬೇಕು, ಮಳೆಗೆ ಸಡಿಲಗೊಂಡಿರಬಾರದು, ಅದರ ಮೈಯಿಂದ ಒಣಬೇರು, ಒಣಹುಲ್ಲು ಇಳಿಬಿದ್ದಿರಬಾರದು.

ಸೌದೆ

ಒಣಸೌದೆ ಒಂದು ಕಿಲೋ ಉರಿದರೆ ಸುಮಾರು 4 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಬಿಡುತ್ತದೆ. ಬಯಲಿನ ಬೆಂಕಿಯಲ್ಲಿ ಅದರ ಸಣ್ಣ ಪಾಲು ಮಾತ್ರ ನಮ್ಮ ಮೈಗೆ ಸಿಗುತ್ತದೆ. ಮಿತವಾಗಿ ಉರಿಸಿದರೂ ಗಂಟೆಗೆ ಎರಡು ಮೂರು ಕಿಲೋ ಬೇಕಾಗುವುದರಿಂದ, ಹತ್ತು ಗಂಟೆಗೆ 25–30 ಕಿಲೋ ಸೌದೆ ಎಂದು ಲೆಕ್ಕ ಹಾಕಿ, ಅದರ ಮೇಲೆ ಅರ್ಧದಷ್ಟನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ತೋಟದೊಳಗೆ ಸೌದೆ ಹುಡುಕಲು ಹೋಗುವುದು ಹಾವು, ಆನೆ ಎರಡರ ದೃಷ್ಟಿಯಿಂದಲೂ ಸಲ್ಲದು. ಆದ್ದರಿಂದ ಐದು ಗಂಟೆಯೊಳಗೆ ಸೌದೆಯೆಲ್ಲ ಬೆಂಕಿಯ ಜಾಗಕ್ಕೆ ಬಂದಿರಬೇಕು.

ಯಾವ ಸೌದೆ ಎಂಬುದು ಎಷ್ಟು ಸೌದೆ ಎಂಬುದಕ್ಕಿಂತ ಮುಖ್ಯ. ಕಾಂಡಕೊರಕ ಹುಳು ಬಿದ್ದು ಕಿತ್ತುಹಾಕಿದ ಅರೇಬಿಕಾ ಗಿಡದ ಬೊಡ್ಡೆಗಳು ಒಣಗಿದ್ದರೆ ಅವುಗಳೇ ರಾತ್ರಿಯ ಸೌದೆಯಲ್ಲಿ ಶ್ರೇಷ್ಠ ಎಂದು ನನ್ನ ಅಭಿಪ್ರಾಯ. ಕಾಫಿ ಮರ ಗಟ್ಟಿ, ನಿಧಾನವಾಗಿ ಉರಿದು ಭಾರವಾದ ಕೆಂಡವಾಗುತ್ತದೆ. ಹುಳು ಬಿದ್ದ ಗಿಡವನ್ನು ಸುಡುವುದರಿಂದ ತೋಟಕ್ಕೂ ಉಪಕಾರ. ಮತ್ತಿ, ನಂದಿ, ಹಲಸಿನ ಹಳೆಯ ಒಣಕೊಂಬೆಗಳೂ ಒಳ್ಳೆಯವು. ಸಿಲ್ವರ್ ಓಕ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಸಂಜೆಯ ಅಡುಗೆಗೆ, ಕುಂಟೆಗಳಿಗೆ ಉರಿ ಹಿಡಿಸುವುದಕ್ಕೆ ಅದನ್ನು ಬಳಸಿ, ರಾತ್ರಿಗೆ ನೆಚ್ಚಬೇಡಿ. ಹಾಲುವಾಣ ಬೆಂಡಿನಂತೆ ಹಗುರ, ಕೆಂಡವೇ ಆಗುವುದಿಲ್ಲ. ಬಿದಿರನ್ನು ಸೀಳದೆ ಹಾಕಿದರೆ ಗೆಣ್ಣುಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾದು ಗುಂಡಿನಂತೆ ಸಿಡಿಯುತ್ತದೆ. ಹೊಲಗೇರು, ಚೇರು ಎಂದು ಕರೆಯುವ ಕಾಡುಗೇರಿನ ಜಾತಿಯ ಮರಗಳ ಸೊನೆ ಮೈಗೆ ತಾಗಿದರೆ ಬೊಬ್ಬೆಯೇಳುತ್ತದೆ, ಅವುಗಳ ಹೊಗೆಯೂ ಕೆಟ್ಟದ್ದು. ಕಾಸರಕ, ಕಣಗಿಲೆ ವಿಷದ ಗಿಡಗಳು. ಗುರುತು ಸಿಗದ ಮರವನ್ನು ತೋಟದವರಿಗೆ ತೋರಿಸದೆ ಬೆಂಕಿಗೆ ಹಾಕಬೇಡಿ. ನಿಂತ ಮರಕ್ಕೆ ಕತ್ತಿ ಹಾಕುವ ಅಗತ್ಯ ಯಾವಾಗಲೂ ಇಲ್ಲ, ಹಸಿಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರುವುದರಿಂದ ಬೆಂಕಿಯ ಶಾಖದಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲಿಯೇ ಹೋಗುತ್ತದೆ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿದಾಗ, ಎಂದರೆ ನೆರಳಿನ ಮರಗಳನ್ನು ಸವರಿದಾಗ, ಬಿದ್ದ ಕೊಂಬೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದ ಮೇಲೆ ನೆನೆದು ಒಳಗೇ ಲಡ್ಡಾಗಿರುತ್ತವೆ. ಡಿಸೆಂಬರಿನ ಬಿಸಿಲಿಗೆ ಅವುಗಳ ಹೊರಮೈ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಗುರುತಿಸಲು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ ಗಟ್ಟಿಮರ ಟಣ್ ಎನ್ನುತ್ತದೆ, ನೀರು ಕುಡಿದ ಮರ ದಬ್ ಎನ್ನುತ್ತದೆ. ಕೊಯ್ದ ತುದಿಯಲ್ಲಿ ಬಿರುಕು ಬಿಟ್ಟಿದ್ದು, ತೊಗಟೆ ಉಗುರಿಗೆ ಸುಲಭವಾಗಿ ಕಳಚಿ ಬಂದರೆ ಅದು ಆಗುತ್ತದೆ. ತೋಟದ ಸೌದೆ ಕೊಟ್ಟಿಗೆಯಿಂದ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ತಂದ ಸೌದೆಯನ್ನು ಬೆಂಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೆಳಗೆ ಎರಡು ಕೋಲು ಹಾಸಿ ಜೋಡಿಸಿ, ಟಾರ್ಪಾಲು ಮುಚ್ಚಿ. ಇಬ್ಬನಿ ಬಿದ್ದರೆ ನಡುರಾತ್ರಿಯ ಹೊತ್ತಿಗೆ ಮೇಲಿನ ಸಾಲು ಮಳೆಯಲ್ಲಿ ನೆನೆದಂತಾಗಿರುತ್ತದೆ.

ನೆಲವನ್ನು ಸಿದ್ಧಪಡಿಸುವುದು

ಬೆಂಕಿಯ ಸುತ್ತ ಕನಿಷ್ಠ ಮೂರು ಮೀಟರ್ ಅಗಲದ ಜಾಗದಲ್ಲಿ ತರಗು, ಹುಲ್ಲು, ಕಡ್ಡಿ ಏನೂ ಉಳಿಯದಂತೆ ಗುಡಿಸಬೇಕು. ತಲೆಯ ಮೇಲೆ ಕೊಂಬೆಗಳೂ ಇರಬಾರದು. ಬೆಂಕಿ ಕೂರುವ ಜಾಗದಲ್ಲಿ ಗುಡಿಸಿದರೆ ಸಾಲದು, ಗುದ್ದಲಿಯಿಂದ ಕೆರೆಯಬೇಕು. ತೋಟದ ನೆಲದಲ್ಲಿ ಮೇಲೆ ಒಣತರಗು, ಅದರ ಕೆಳಗೆ ಅರ್ಧ ಕೊಳೆತ ಎಲೆಯ ಕಪ್ಪು ಪದರ, ಅದರೊಳಗೆ ಹೆಣೆದುಕೊಂಡ ಬೇರು. ಆ ಕಪ್ಪು ಪದರ ಮುಟ್ಟಿದರೆ ಮೆತ್ತಗೆ, ತಂಪಾಗಿ ಇರುತ್ತದೆ. ಅದು ಉರಿಯುತ್ತದೆ ಎಂದು ನೋಡಿದವರಿಗೆ ಅನ್ನಿಸುವುದೇ ಇಲ್ಲ. ಕೆಂಪುಮಣ್ಣು ಕಾಣುವವರೆಗೆ ಅದನ್ನೆಲ್ಲ ಎಳೆದು ಹಾಕಬೇಕು. ಒಮ್ಮೆ ನಾವು ಈ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದೆವು. ಮರುದಿನ ಬೆಂಕಿ ಆರಿಸಿ, ತಿಂಡಿ ಮುಗಿಸಿ, ಗಂಟುಮೂಟೆ ಕಟ್ಟುತ್ತಿರುವಾಗ ಬೆಂಕಿಯ ಜಾಗದಿಂದ ಎರಡು ಮಾರು ದೂರದ ಹಳೆಯ ಮರದ ಬುಡದಿಂದ ಹೊಗೆಯ ಎಳೆಯೊಂದು ಏಳುತ್ತಿತ್ತು. ಕೆಂಡ ಒಣಬೇರನ್ನು ಹಿಡಿದು ನೆಲದೊಳಗೇ ಅಷ್ಟು ದೂರ ನಡೆದಿತ್ತು. ಅರ್ಧ ಗಂಟೆ ಮೊದಲು ಹೊರಟಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸುತ್ತ ಕಲ್ಲು ಇಡುವುದಾದರೆ ಹೊಳೆಯ ಕಲ್ಲು ತರಬೇಡಿ. ಅದರ ಬಿರುಕುಗಳಲ್ಲಿ ಸೇರಿದ ನೀರು ಕಾದು ಆವಿಯಾದಾಗ ಕಲ್ಲು ಸಿಡಿದು ಚೂರುಗಳು ಮುಖಕ್ಕೆ ಹಾರುತ್ತವೆ. ಎರಡು ಬಕೆಟ್ ನೀರು, ಒಂದು ಗುದ್ದಲಿ, ಎಲೆ ತುಂಬಿದ ಹಸಿಕೊಂಬೆಯೊಂದು ಕೈಗೆ ಸಿಗುವಲ್ಲಿ ಇರಲಿ.

ಮಲಗುವ ಜಾಗಕ್ಕೂ ಬೆಂಕಿಗೂ ಇರುವ ದೂರ

ಇಲ್ಲಿ ಒಂದು ವಿಷಯವನ್ನು ನೇರವಾಗಿ ಹೇಳಬೇಕು. ನೈಲಾನ್ ಡೇರೆಯೊಳಗೆ ಮಲಗುವವರಿಗೆ ಹೊರಗಿನ ಬೆಂಕಿಯಿಂದ ರಾತ್ರಿಯ ಬೆಚ್ಚನೆ ಸಿಗುವುದಿಲ್ಲ. ಡೇರೆಯನ್ನು ಬೆಂಕಿಯಿಂದ ಐದು ಮೀಟರಾದರೂ ದೂರ ಇಡಲೇಬೇಕು, ಅಷ್ಟು ದೂರಕ್ಕೆ ಕಾವು ತಲುಪುವುದಿಲ್ಲ. ಹತ್ತಿರ ತಂದರೆ ಒಂದು ಕಿಡಿ ಸಾಕು, ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅಂಥವರು ಬೆಂಕಿಯ ಮುಂದೆ ಕೂತು ಚಳಿ ಕಾಯಿಸಿಕೊಂಡು, ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ, ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗುವುದು ಸರಿಯಾದ ದಾರಿ.

ಬೆಂಕಿಯ ಕಾವಿನಲ್ಲಿಯೇ ಮಲಗಬೇಕೆಂದರೆ ಮುಂಭಾಗ ತೆರೆದ ಮಾಡು ಬೇಕು. ದಪ್ಪ ಟಾರ್ಪಾಲನ್ನು ಹಿಂದೆ ನೆಲಕ್ಕೆ ತಾಗುವಂತೆ, ಮುಂದೆ ಸೊಂಟದೆತ್ತರಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಓರೆಯಾಗಿ ಕಟ್ಟಿ. ಬರೆ ಇದ್ದರೆ ಬೆಂಕಿಯನ್ನು ಬರೆಯ ಮಗ್ಗುಲಿಗೆ, ಮಾಡನ್ನು ಅದಕ್ಕೆ ಎದುರಾಗಿ ಇಡಿ. ಬರೆಯ ಕಡೆಗೆ ಹೋದ ಕಾವು ಮಣ್ಣಿಗೆ ಬಡಿದು ತಿರುಗಿ ಬರುತ್ತದೆ, ನಮ್ಮ ಕಡೆಗೆ ಬಂದದ್ದು ಬೆನ್ನ ಹಿಂದಿನ ಟಾರ್ಪಾಲಿಗೆ ತಾಗಿ ನಿಲ್ಲುತ್ತದೆ. ದೂರಕ್ಕೆ ಸುಲಭದ ಅಳತೆಯೊಂದಿದೆ. ಹಾಸಿಗೆಯ ಅಂಚಿನಲ್ಲಿ ಮಂಡಿಯೂರಿ ಕೂತು ಕೈಯನ್ನು ಪೂರ್ತಿ ಚಾಚಿದಾಗ ಬೆರಳ ತುದಿ ಬೆಂಕಿಗೆ ಎರಡು ಗೇಣು ಈಚೆ ನಿಂತರೆ ಸರಿಯಾಯಿತು. ಮೈಮೇಲೆ ಉಣ್ಣೆಯ ಕಂಬಳಿ ಇರಲಿ. ಕಿಡಿ ಬಿದ್ದರೆ ಉಣ್ಣೆ ಕಮರುತ್ತದೆ, ಸಿಂಥೆಟಿಕ್ ಹೊದಿಕೆ ತೂತಾಗಿ ಕರಗುತ್ತದೆ.

ಸಂಜೆ ಇಳಿಜಾರಿನ ಗಾಳಿ ದಿಕ್ಕು ಬದಲಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಗಲಿನಲ್ಲಿ ಮೇಲಕ್ಕೆ ಏರುವ ಗಾಳಿ ಕತ್ತಲಾದ ಮೇಲೆ ಕೆಳಕ್ಕೆ ಇಳಿಯುತ್ತದೆ. ನಾಲ್ಕು ಗಂಟೆಗೆ ಹೊಗೆ ಹೋದ ದಿಕ್ಕನ್ನು ನೋಡಿ ಹಾಸಿಗೆ ಹಾಕಿದರೆ ಎಂಟು ಗಂಟೆಗೆ ಹೊಗೆಯೆಲ್ಲ ಮುಖಕ್ಕೇ ಬರುತ್ತದೆ. ಬೆಂಕಿಗೂ ಹಾಸಿಗೆಗೂ ನಡುವಿನ ಗೆರೆ ಇಳಿಜಾರಿಗೆ ಅಡ್ಡವಾಗಿದ್ದರೆ ಹೊಗೆ ಪಕ್ಕದಿಂದ ಹಾದುಹೋಗುತ್ತದೆ.

ಬೆಂಕಿ ಎಷ್ಟೇ ಚೆನ್ನಾಗಿದ್ದರೂ ಬರಿನೆಲ ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಕೆಳಗೆ ಒಂದು ಗೇಣು ದಪ್ಪ ಭತ್ತದ ಹುಲ್ಲು ಹಾಸಿ, ಅದರ ಮೇಲೆ ಟಾರ್ಪಾಲು ಹೊದಿಸಿ ಅಂಚುಗಳನ್ನು ಒಳಕ್ಕೆ ಮಡಚಿ, ಆಮೇಲೆ ಚಾಪೆ ಹಾಕಿ. ಹುಲ್ಲಿನ ಒಂದೆಳೆಯೂ ಬೆಂಕಿಯ ಕಡೆಗೆ ಇಣುಕಬಾರದು.

ಹೊತ್ತಿಸುವುದು ಮತ್ತು ಕುಂಟೆ ಜೋಡಿಸುವುದು

ಒದ್ದೆನೆಲದ ಮೇಲೆ ನೇರವಾಗಿ ಬೆಂಕಿ ಹಾಕಬೇಡಿ. ಹೆಬ್ಬೆರಳು ದಪ್ಪದ ಒಣಕೋಲುಗಳನ್ನು ಒತ್ತೊತ್ತಾಗಿ ಹಾಸಿ ಅದರ ಮೇಲೆ ತೆಂಗಿನ ನಾರು, ಅಡಿಕೆ ಹಾಳೆಯ ಸೀಳು, ಒಣಬಿದಿರಿನ ಸಿಬಿರು ಇಡಿ. ಅದರ ಮೇಲೆ ಬೆಂಕಿಕಡ್ಡಿ ದಪ್ಪದ ಪುಳ್ಳೆ, ನಂತರ ಬೆರಳು ದಪ್ಪದ್ದು, ನಂತರ ಮಣಿಕಟ್ಟು ದಪ್ಪದ್ದು, ಒಂದು ಚೆನ್ನಾಗಿ ಹಿಡಿದ ಮೇಲೆಯೇ ಇನ್ನೊಂದು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಸುರಿಯಕೂಡದು. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿ, ಕಡ್ಡಿ ಗೀರಿದವರ ಕೈ ಮುಖವನ್ನೇ ಹಿಡಿಯುತ್ತದೆ. ಹೊಗೆ ಕಟ್ಟಿದರೆ ಊದುಗೊಳವೆಯಿಂದ ಬುಡಕ್ಕೆ ಊದಿ.

ಸಂಜೆಯ ಮೊದಲ ಎರಡು ಮೂರು ಗಂಟೆ ಸಿಲ್ವರ್ ಓಕಿನಂಥ ಹಗುರ ಸೌದೆಯ ಉರಿಯಲ್ಲಿ ಅಡುಗೆ ಮಾಡಿ, ಅದರ ಜೊತೆಗೇ ಗಟ್ಟಿಸೌದೆಯ ತುಂಡುಗಳನ್ನು ಹಾಕುತ್ತ ಕೆಂಡದ ಹಾಸು ಬೆಳೆಸಿಕೊಳ್ಳಿ. ಒಂಬತ್ತರ ಹೊತ್ತಿಗೆ ಒಂದು ಕೈಯಗಲ ದಪ್ಪದ ಕೆಂಡ ಇರಬೇಕು. ಆಗ ಅದನ್ನು ಕೋಲಿನಿಂದ ಎಳೆದು, ಮಲಗಿದವರ ಭುಜದಿಂದ ಮೊಣಕಾಲಿನವರೆಗಿನ ಉದ್ದಕ್ಕೆ ಹರಡಿ. ಅದರ ಮೇಲೆ ಆರಡಿ ಉದ್ದದ, ತೊಡೆ ದಪ್ಪದ ಎರಡು ಕುಂಟೆಗಳನ್ನು ಅಕ್ಕಪಕ್ಕ, ನಡುವೆ ಎರಡು ಬೆರಳಿನ ಸಂದು ಬಿಟ್ಟು, ಹಾಸಿಗೆಗೆ ಸಮಾನಾಂತರವಾಗಿ ಇಡಿ. ಆ ಸಂದಿನಲ್ಲಿಯೇ ಇಡೀ ರಾತ್ರಿಯ ಗುಟ್ಟಿದೆ. ಕುಂಟೆಗಳ ಎದುರುಬದುರು ಮುಖಗಳು ಒಂದರ ಕಾವನ್ನು ಇನ್ನೊಂದಕ್ಕೆ ಕೊಟ್ಟುಕೊಂಡು ಕೆಂಪಗೆ ಉಳಿಯುತ್ತವೆ. ಸಂದು ಅಗಲವಾದರೆ ಎರಡೂ ತಣ್ಣಗಾಗಿ ಕಪ್ಪಾಗುತ್ತವೆ, ಪೂರ್ತಿ ಮುಚ್ಚಿದರೆ ಗಾಳಿಯಿಲ್ಲದೆ ಹೊಗೆಯಾಡುತ್ತವೆ. ಒಂದೇ ಕುಂಟೆ ಎಷ್ಟೇ ದಪ್ಪವಿದ್ದರೂ ಒಂಟಿಯಾಗಿ ಉರಿಯದಿರುವುದಕ್ಕೆ ಕಾರಣವೂ ಇದೇ. ಕುಂಟೆ ಹಾಸಿಗೆಯ ಕಡೆಗೆ ಉರುಳದಂತೆ ಎರಡೂ ತುದಿಯಲ್ಲಿ ಹಸಿಗೂಟ ಹೊಡೆಯುವುದನ್ನು ಮರೆಯಬಾರದು.

ಉದ್ದದ ಕುಂಟೆ ಸಿಗದಿದ್ದರೆ ಕಣದ ಕಾವಲಿನವರ ಕ್ರಮವಿದೆ. ಮೂರು ನಾಲ್ಕು ಕುಂಟೆಗಳ ತುದಿ ನಡುವೆ ಕೂಡುವಂತೆ, ಗಾಡಿಚಕ್ರದ ಅರೆಗಳಂತೆ ಇಟ್ಟು, ಉರಿದಂತೆಲ್ಲ ಒಳಕ್ಕೆ ತಳ್ಳುತ್ತ ಹೋಗುವುದು. ಇದು ಸೌದೆಯನ್ನು ಬಹಳ ಉಳಿಸುತ್ತದೆ. ಕಾವು ಒಂದೇ ಕಡೆ ಇರುವುದರಿಂದ ಸುರುಟಿಕೊಂಡು ಮಲಗುವ ಒಬ್ಬರಿಗೆ, ಕೂತು ಕಾಯುವವರಿಗೆ ಹೊಂದುತ್ತದೆ.

ರಾತ್ರಿ

ಮೂವರಿದ್ದರೆ ಮೂರು ಮೂರು ಗಂಟೆಯ ಪಾಳಿ ಮಾಡಿಕೊಳ್ಳಿ. ಉರಿ ಇರುವಾಗ ಎಲ್ಲರೂ ನಿದ್ದೆ ಹೋಗಬಾರದು. ಒಬ್ಬರೇ ಇದ್ದರೆ, ನನ್ನ ಮಾತು ಕೇಳುವುದಾದರೆ, ರಾತ್ರಿಯ ಬೆಂಕಿ ಬೇಡ, ಹೆಚ್ಚು ಹೊದಿಕೆ ತನ್ನಿ. ಹನ್ನೊಂದರ ಸುಮಾರಿಗೆ ಒಮ್ಮೆ, ಒಂದೂವರೆಗೆ ಒಮ್ಮೆ ಸಂದು ಸರಿಪಡಿಸಿ ಎರಡು ಸಣ್ಣ ತುಂಡು ಹಾಕಿದರೆ ಸಾಕಾಗುತ್ತದೆ. ಕೆಂಡ ಅತಿಯಾಗಿ ಧಗಧಗಿಸುತ್ತಿದ್ದರೆ ಮೇಲೆ ತೆಳುವಾಗಿ ಬೂದಿ ಎಳೆಯಿರಿ. ಹಿಂದೆ ಮನೆಗಳಲ್ಲಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಅದರಿಂದಲೇ ಒಲೆ ಹೊತ್ತಿಸುತ್ತಿದ್ದುದು ಇದೇ ಲೆಕ್ಕದಲ್ಲಿ. ರಾತ್ರಿಯ ಕಡುಚಳಿ ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಬರುತ್ತದೆ. ಆದ್ದರಿಂದ ಇದ್ದುದರಲ್ಲಿ ಅತ್ಯುತ್ತಮ ಬೊಡ್ಡೆಗಳನ್ನು ನಾಲ್ಕು ಗಂಟೆಗೆಂದು ಬೇರೆ ಎತ್ತಿಡಿ. ಎಷ್ಟೇ ಆಸೆಯಾದರೂ ಸಂಜೆ ಅವುಗಳನ್ನು ಮುಟ್ಟಬೇಡಿ.

ಚಳಿ ತಡೆಯಲಾರದೆ ಕೆಂಡವನ್ನು ಬಾಂಡ್ಲಿಯಲ್ಲಿ ತುಂಬಿ ಡೇರೆಯೊಳಗೋ ಮುಚ್ಚಿದ ಕೋಣೆಯೊಳಗೋ ಇಟ್ಟುಕೊಳ್ಳುವವರಿದ್ದಾರೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಳ್ಳುತ್ತದೆ. ಹೊಗೆಯಿಲ್ಲದ ಕೆಂಡ ನೋಡಲು ನಿರಪಾಯವೆನಿಸುವುದರಿಂದಲೇ ಅಪಾಯ ಹೆಚ್ಚು, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬೆಂಕಿಯ ಬಳಿಯಿದ್ದ ಯಾರಿಗಾದರೂ ತಲೆನೋವು, ವಾಕರಿಕೆ, ಮಂಪರು ಕಂಡರೆ ತಕ್ಷಣ ತೆರೆದ ಗಾಳಿಗೆ ಕರೆದೊಯ್ದು 112ಕ್ಕೆ ಕರೆ ಮಾಡಿ. ಕೈಕಾಲು ಸುಟ್ಟರೆ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡದೆ ಸುರಿಯಬೇಕು, ಟೂತ್‌ಪೇಸ್ಟ್ ಹಚ್ಚಬಾರದು.

ಬೆಳಿಗ್ಗೆ ಆರಿಸುವುದು

ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಈ ಕೆಲಸ ಶುರುವಾಗಬೇಕು. ಉಳಿದ ಕುಂಟೆಗಳನ್ನು ಬೇರ್ಪಡಿಸಿ, ಕೆಂಪಾದ ಮುಖಗಳನ್ನು ಕತ್ತಿಯಿಂದ ಕೆರೆದು ನೀರು ಹಾಕಿ. ಕೆಂಡವನ್ನು ತೆಳುವಾಗಿ ಹರಡಿ ನೀರು ಸುರಿದು, ಗುದ್ದಲಿಯಿಂದ ಕಲಸಿ, ಮತ್ತೆ ನೀರು ಸುರಿಯಿರಿ. ಚುಂಯ್ ಎನ್ನುವ ಸದ್ದು ಪೂರ್ತಿ ನಿಲ್ಲುವವರೆಗೆ ಹೀಗೆ ಮಾಡಬೇಕು. ಎರಡು ಬಕೆಟ್ ಸಾಲದಿದ್ದರೆ ಮತ್ತೆ ಹೊತ್ತು ತನ್ನಿ. ಮಣ್ಣು ಮುಚ್ಚಿ ಹೋಗುವುದು ಆರಿಸಿದಂತಲ್ಲ, ಮಣ್ಣಿನಡಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮೊದಲು ಅಂಗೈಯನ್ನು ಬೂದಿಯ ಮೇಲೆ ಹಿಡಿದು ನೋಡಿ, ಕಾವು ತಿಳಿಯದಿದ್ದರೆ ಬೆರಳನ್ನು ನಿಧಾನವಾಗಿ ಬೂದಿಯೊಳಗೆ, ಆಮೇಲೆ ಅದರ ಅಡಿಯ ಮಣ್ಣಿನೊಳಗೆ ಇಳಿಸಿ. ಮಣ್ಣು ಬೆಚ್ಚಗಿದ್ದರೂ ಇನ್ನೊಂದು ಕೊಡ ನೀರು ಬೇಕು. ಬೆಂಕಿಯ ಸುತ್ತ ಎರಡು ಮಾರು ದೂರದವರೆಗೆ ನಡೆದು, ಮರದ ಬುಡ, ಬೇರು, ಬರೆಯ ಬಿರುಕುಗಳಲ್ಲಿ ಹೊಗೆಯಿದೆಯೇ ಎಂದು ಬಗ್ಗಿ ನೋಡಿ. ತಣ್ಣಗಾದ ಬೂದಿಯನ್ನು ಏನು ಮಾಡಬೇಕೆಂದು ತೋಟದವರನ್ನು ಕೇಳಿ, ಕೆರೆದು ತೆಗೆದ ತರಗನ್ನು ಮೊದಲಿದ್ದಂತೆ ಎಳೆದು ಹಾಕಿ, ಹೋಗುವಾಗ ರೈಟರಿಗೋ ಮಾಲೀಕರಿಗೋ ಆ ಜಾಗ ತೋರಿಸಿ ಹೊರಡಿ. ಮಧ್ಯಾಹ್ನ ಒಮ್ಮೆ ಆ ಕಡೆ ಹಾದುಹೋಗುವಾಗ ಅವರು ಕಣ್ಣು ಹಾಯಿಸುತ್ತಾರೆ.